ಮೂರನೆಯ ಮಿಸ್ಡ್ ಕಾಲ್

ಆಗಸ್ಟ್ 6, ಬುಧವಾರ

ಡಾಕ್ಟರ್ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನನಗೂ ಡೈರಿಗೂ ಏನು ಸಂಬಂಧ? ಬಿ.ಪಿ. ಏರಿದೆಯಂತೆ. "ಗಿರಾಕಿಗಳ ಮೇಲೆ ಕೂಗಾಡೋ ಬದಲು ಬರೆದಿಡಿ ದೀಪಾಲಿಯವರೇ" ಎಂದರು. ಅವರೇ ಒಂದು ದಿನ ಬಂದು ನನ್ನ ಅಂಗಡಿಯಲ್ಲಿ ಕೂರಲಿ, ಗುಳಿಗೆ ಯಾರಿಗೆ ಬೇಕಾಗುತ್ತದೆ ನೋಡೋಣ.

ಸದಾಶಿವಗಡದಲ್ಲಿ ಮೊಬೈಲ್ ರಿಪೇರಿ ಮಾಡುವ ಹೆಂಗಸು ನಾನೊಬ್ಬಳೇ. ಮಳೆಗಾಲದ ಎರಡು ತಿಂಗಳು ಬಲೆ ಒಣಗಿಸಿ ಕೂತವರೆಲ್ಲ ಈಗ ಒಮ್ಮೆಲೇ ಎದ್ದಿದ್ದಾರೆ. ಡಬ್ಬಿಯಲ್ಲಿ ಮುಚ್ಚಿಟ್ಟ ಹಳೇ ಬಟನ್ ಫೋನುಗಳನ್ನು ತಂದು ನನ್ನ ಮುಂದೆ ಸುರಿಯುತ್ತಾರೆ. ಎಲ್ಲ ಬ್ಯಾಟರಿಗಳ ಹೊಟ್ಟೆ ಉಬ್ಬಿದೆ. ಟಚ್ ಫೋನ್ ತಗೊಳ್ಳಿ ಎಂದರೆ ಕೇಳುವುದಿಲ್ಲ. ಒದ್ದೆ ಕೈಯಿಂದ ಒತ್ತಿದರೆ ಅದು ಕೆಲಸ ಮಾಡುವುದಿಲ್ಲವಂತೆ, ಅದು ನಿಜ ಕೂಡ.

ಹೊನ್ನನೂ ಬಂದಿದ್ದ. ಜೊತೆಗೆ ಅವನ ತಮ್ಮ ಜಟ್ಟು, ಯಾವಾಗಲೂ ಹಲ್ಲು ಕಿರಿಯುವವನು. ಇಬ್ಬರೂ ಒಂದೇ ಪಾತಿಯಲ್ಲಿ, ಅಂದರೆ ಸಣ್ಣ ದೋಣಿಯಲ್ಲಿ, ಸಮುದ್ರಕ್ಕೆ ಹೋಗುವವರು.

"ಬಾಯೀ, ಕಂಪನೀದೇ ಬೇಕು. ಡೂಪ್ಲಿಕೇಟ್ ಬ್ಯಾಡ. ನೀರ ಮೇಲೆ ಹೋಗೂ ಫೋನು ಇದು."

"ಈ ಮಾಡೆಲ್ ಕಂಪನಿಯವ್ರೇ ನಿಲ್ಸಿ ಎಷ್ಟು ವರ್ಷ ಆಯ್ತು ಮಾರಾಯಾ. ಹುಬ್ಬಳ್ಳಿಯಿಂದ ಹುಡ್ಕಿ ತರಿಸ್ಬೇಕು. ವಾರ ಬೇಕು, ಮೂರ್ಪಟ್ಟು ರೇಟು."

"ವಾರ ಕಾಯೂಕೆ ಆಗೂದಿಲ್ಲ. ನಿಮ್ಮ ಹತ್ರ ಇಲ್ವೇ ಒಂದೂ?"

"ತಡಿ, ಒಳಗೆ ನೋಡ್ತೆ" ಎಂದು ಒಳಗೆ ಹೋದೆ. ಹೊಸ ಲಾಟಿನ ಲೋಕಲ್ ಬ್ಯಾಟರಿಗಳ ಜೊತೆ ಏಜೆಂಟ್ ಕಂಪನಿ ಹೆಸರಿನ ಸ್ಟಿಕ್ಕರ್ ಹಾಳೆಯನ್ನೂ ಕೊಡುತ್ತಾನೆ. ಒಂದನ್ನು ಹಚ್ಚಿ ಹೆಬ್ಬೆರಳಲ್ಲಿ ಒತ್ತಿ ತಂದುಕೊಟ್ಟೆ. ಎಲ್ಲ ಅಂಗಡಿಯಲ್ಲೂ ಮಾಡುವುದೇ. ಹಾಕಿದ ಕೂಡಲೇ ಚಾರ್ಜಿನ ನಾಲ್ಕೂ ಗೆರೆ ತೋರಿಸಿತು. ಹೊನ್ನನ ಮುಖ ಅರಳಿತು. ನನಗೂ ಒಂದು ತಲೆನೋವು ಕಳೆಯಿತು.

ಆಗಸ್ಟ್ 9, ಶನಿವಾರ

ನೂಲ ಹುಣ್ಣಿಮೆ. ಎಲ್ಲರೂ ಸಮುದ್ರಕ್ಕೆ ತೆಂಗಿನಕಾಯಿ ಕೊಡಲು ಹೋಗಿದ್ದರು, ಗಿರಾಕಿಗಳಿಲ್ಲ. ಹೊನ್ನನ ಹೆಂಡತಿ ಹೀರಾ ಬಂದು ಹರಟೆ ಹೊಡೆದಳು. ನನ್ನ ಅಂಗಡಿಯ ಎದುರಿನ ಕಟ್ಟೆಯ ಮೇಲೇ ಅವಳು ಮೀನು ಮಾರುವುದು. ಅವಳ ಫೋನಿನ ಡಿಸ್‌ಪ್ಲೇ ಹೋಗಿ ವರ್ಷವಾಯಿತು. ಹಾಕಿಸಿಕೋ ಎಂದರೆ ನಗುತ್ತಾಳೆ.

"ನಂಗೆ ಎಂತಕ್ಕೆ ಅಕ್ಕಾ? ನಾ ಓದೂಕುಂಟೇ? ಸಮುದ್ರದಿಂದ ಇವ್ರು ಮಿಸ್ಡ್ ಕಾಲ್ ಕೊಡ್ತ್ರು, ಗಂಟೆ ಹೊಡೆದ್ರೆ ಸಾಕು. ಒಂದು ಹೊಡೆದ್ರೆ ವಾಪಸ್ ಬರ್ತಾ ಇದ್ವು ಅಂತ. ಎರಡು ಹೊಡೆದ್ರೆ ಮೀನು ಬಾಳ ಬಿದ್ದದೆ, ಐಸು ರಿಕ್ಷಾ ತಕಂಡು ಬಾ ಅಂತ."

"ಮೂರು?"

ಹಣೆಗೆ ಕೈ ಮುಟ್ಟಿಸಿಕೊಂಡಳು. "ಮೂರು ಬರೂದೇ ಬ್ಯಾಡ. ಮೂರಂದ್ರೆ ತೊಂದ್ರೆ ಆಗದೆ, ಜನ ಕಳ್ಸು ಅಂತ."

ಮಾತಾಡಿದರಾಗದೇ ಎಂದು ಕೇಳಿದೆ. ಎಂಜಿನ್ ಸದ್ದಿಗೆ, ಗಾಳಿಗೆ ಏನೂ ಕೇಳುವುದಿಲ್ಲವಂತೆ. ಮಾವನ ಕಾಲದಲ್ಲಿ ಫೋನು ಬಂದಾಗಿನಿಂದ ಇದೇ ರೂಢಿ.

ಆಗಸ್ಟ್ 18, ಸೋಮವಾರ

ಬಿ.ಪಿ. ಏರಿಸಲೆಂದೇ ಹುಟ್ಟಿದವರಿದ್ದಾರೆ. ಹಣಕೋಣದ ಜಗದೀಶ ಮಾಸ್ತರರು ಇವತ್ತು ಬಂದರು. ಮೊನ್ನೆ ಒಯ್ದ ಅದೇ ಲಾಟಿನ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು, "ಗೆರೆ ಪೂರ್ತಿ ತೋರಿಸ್ತದೆ, ಕಾಲ್ ಹಚ್ಚಿದ್ರೆ ಫೋನೇ ಬಂದ್ ಬೀಳ್ತದೆ" ಎಂದರು. ಅವರ ಎದುರೇ ನಾಲ್ಕು ಕಾಲ್ ಮಾಡಿ ತೋರಿಸಿದೆ. ಏನೂ ಆಗಲಿಲ್ಲ. ನಿಮ್ಮ ಚಾರ್ಜರ್ ಸರಿ ಇಲ್ಲ ಎಂದು ಹೇಳಿ ಇನ್ನೊಂದು ಚಾರ್ಜರ್ ಕೊಟ್ಟು ಕಳಿಸಿದೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ ಹಾಗೆ ನನಗೂ ಕಲಿಸಲು ಬರುತ್ತಾರೆ.

ಆಗಸ್ಟ್ 22, ಶುಕ್ರವಾರ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೀರಾ ಕಟ್ಟೆಯಿಂದ ಎದ್ದು ನನ್ನ ಬಾಗಿಲಿಗೆ ಬಂದು ಎರಡು ಬೆರಳು ಎತ್ತಿ ತೋರಿಸಿದಳು. ಮುಖದ ತುಂಬ ನಗು. "ಬಾಂಗಡೆ ಬಿದ್ದದೆ ಕಾಣ್ತದೆ ಅಕ್ಕಾ, ನಿಂಗೂ ತರ್ತೆ" ಎಂದು ರಿಕ್ಷಾದಲ್ಲಿ ಐಸ್ ಹೇರಿಕೊಂಡು ದಂಡೆಗೆ ಹೋದಳು.

ಸಂಜೆ ಐದಾದರೂ ಪಾತಿ ಬರಲಿಲ್ಲ. ಐಸ್ ಕರಗಿ ರಿಕ್ಷಾದಿಂದ ನೀರು ಇಳಿಯುತ್ತಿತ್ತಂತೆ. ಆಮೇಲೆ ಹುಡುಕಲು ಮೂರು ದೋಣಿ ಹೋಗಿವೆ. ಇನ್ನೂ ಸುದ್ದಿ ಇಲ್ಲ.

ಆಗಸ್ಟ್ 23, ಶನಿವಾರ

ಗೋವಾ ಕಡೆಯ ದೋಣಿಯವರು ಹೊನ್ನನನ್ನು ಎತ್ತಿಕೊಂಡು ತಂದರು. ಬಲೆಯ ತೇಲುಗಳನ್ನು ಅಪ್ಪಿ ಹಿಡಿದಿದ್ದನಂತೆ. ಜಟ್ಟು ಇಲ್ಲ.

ಆಗಸ್ಟ್ 25, ಸೋಮವಾರ

ಜಟ್ಟು ಮಾಜಾಳಿಯ ದಂಡೆಯಲ್ಲಿ ಸಿಕ್ಕಿದ. ಹೋಗಿ ನೋಡಿ ಬಂದೆ. ನೋಡಬಾರದಿತ್ತು. ಅವನ ತಾಯಿ ಗಂಗೂ ಆಯಿಗೆ ಅಳಲೂ ಆಗುತ್ತಿಲ್ಲ. ಬರುವ ಮಾಘದಲ್ಲಿ ಅವನ ಮದುವೆ ಮಾಡುವುದೆಂದು ಮಾತಾಗಿತ್ತು.

ಅಂಗಡಿ ತೆಗೆಯಲಿಲ್ಲ.

ಆಗಸ್ಟ್ 27, ಬುಧವಾರ

ಚೌತಿ. ನಮ್ಮ ಮನೆಯಲ್ಲಿ ಗಣಪತಿ ಕೂತ. ಅವರ ಮನೆಯಲ್ಲಿ ಸೂತಕ. ಪಂಚಕಜ್ಜಾಯವನ್ನು ಮುಚ್ಚಿಟ್ಟೆ, ತಿನ್ನಲಿಲ್ಲ.

ಆಗಸ್ಟ್ 29, ಶುಕ್ರವಾರ

ಇವತ್ತು ಹೀರಾ ಹಿಂದಿನ ಬಾಗಿಲಿಂದ ಬಂದಳು. ಸೂತಕದವಳು, ಮುಂದಿನಿಂದ ಬಂದರೆ ಜನ ನೋಡುತ್ತಾರೆಂದು ಅವಳಿಗೇ ಹೆದರಿಕೆ. ಒಂದು ವಾರದಲ್ಲಿ ಅರ್ಧ ಆಗಿದ್ದಾಳೆ.

ಹೊನ್ನ ಮೂರು ಕೊಟ್ಟಿದ್ದೇನೆ ಎನ್ನುತ್ತಾನಂತೆ. ಹನ್ನೊಂದಕ್ಕೆ ಎಂಜಿನ್ ಕೆಟ್ಟಿತು, ಲಂಗರಿನ ಹಗ್ಗ ಹರಿಯಿತು. ಸಿಗ್ನಲ್ ಒಂದೇ ಗೆರೆ ಇತ್ತು. ಮೂರು ಸಲ ಒತ್ತಿ, ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಅಂಗಿಯೊಳಗೆ ಇಟ್ಟುಕೊಂಡನಂತೆ. ದೂರದಲ್ಲಿ ಒಂದು ದೋಣಿ ಹೋಯಿತು. ಜಟ್ಟು ಕೂಗೋಣವೇ, ಬಟ್ಟೆ ಬೀಸೋಣವೇ ಎಂದದ್ದಕ್ಕೆ ಇವನೇ ಹೇಳಿದನಂತೆ, "ಮೂರು ಕೊಟ್ಟಾಗದೆ, ನಮ್ಮೋರೇ ಬರ್ತ್ರು, ಎಂತಕ್ಕೆ ಗಾಬರಿ?" ನಾಲ್ಕು ಗಂಟೆಗೆ ಅಲೆ ಪಾತಿಯನ್ನು ಮಗುಚಿತು.

ಹೀರಾಗೆ ಕೇಳಿದ್ದು ಎರಡು.

"ಆಯಿ ಹೇಳ್ತಾಳೆ, ಮೀನಿನ ಆಸೆಗೆ ನಿಂಗೆ ಎರಡೇ ಕೇಳಿತು ಅಂತ. ಇವ್ರು ಏನೂ ಹೇಳೂದಿಲ್ಲ. ನನ್ನ ಮುಖ ನೋಡೂದೇ ಇಲ್ಲ ಅಕ್ಕಾ. ನಂಗೂ ಈಗ ಹಂಗೇ ಆಗದೆ. ಮೂರನೇದು ಹೊಡೀತೋ ಏನೋ, ರಿಕ್ಷಾದವನನ್ನ ಕೂಗೂ ಗಡಿಬಿಡೀಲಿ ನಾ ಕೇಳ್ಲೇ ಇಲ್ವೋ ಏನೋ."

ಅವಳ ಫೋನಿಗೆ ಬೇರೆ ಡಿಸ್‌ಪ್ಲೇ ಹಾಕಿ ನೋಡಿದರೂ ಫಲವಿಲ್ಲ. ಆಮೇಲೆ ನೂರಾರು ಕಾಲ್ ಬಂದು ಹಳೆಯದೆಲ್ಲ ಅಳಿಸಿಹೋಗಿದೆ. ಹೊನ್ನನ ಫೋನನ್ನು ಸೆರಗಿನಿಂದ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ತೆಗ್ದು ನೋಡು ಅಕ್ಕಾ. ಎಷ್ಟು ಕೊಟ್ಟಿದ್ರು ಅಂತ ಇದ್ರಲ್ಲಿ ಇರ್ತದಲ್ಲ. ಮೂರು ಇದ್ರೆ ಇರ್ಲಿ, ನಾ ಒಪ್ಕಂತೆ."

ನೋಡುತ್ತೇನೆ ಎಂದೆ.

ಆಗಸ್ಟ್ 30, ಶನಿವಾರ

ಪ್ಲಾಸ್ಟಿಕ್ಕಿನ ಗಂಟು ಗಟ್ಟಿ ಇತ್ತು. ಫೋನಿಗೆ ಒಂದು ಹನಿ ನೀರು ಹೋಗಿಲ್ಲ. ಚಾರ್ಜ್ ಹಾಕಿದರೆ ಹತ್ತಿಕೊಂಡಿತು. ಮಾಡಿದ ಕಾಲ್‌ಗಳ ಪಟ್ಟಿಯಲ್ಲಿ ಹೀರಾಳ ನಂಬರ್ ಒಂದೇ ಸಲ ಇದೆ. ಈ ಜಾತಿಯ ಫೋನು ಎಷ್ಟು ಸಲ ಎಂದು ತೋರಿಸುವುದಿಲ್ಲ.

ಬ್ಯಾಟರಿಯನ್ನೂ ಪರೀಕ್ಷೆ ಮಾಡಿದೆ. ಅದರ ಮೇಲೆ ಅನುಮಾನ ಇತ್ತೆಂದಲ್ಲ. ಇಲ್ಲಿಂದಲೇ ನನ್ನ ನಂಬರಿಗೆ ಹತ್ತು ಕಾಲ್ ಮಾಡಿದೆ. ಹತ್ತೂ ಹೋದವು. ನನ್ನ ಬ್ಯಾಟರಿ ಚೆನ್ನಾಗಿದೆ. ಹೀರಾ ಪಾಪದವಳು, ಗಡಿಬಿಡಿಯಲ್ಲಿ ಕೇಳಿಸಿರಲಿಕ್ಕಿಲ್ಲ. ಯಾರಿಗಾದರೂ ಆಗುವಂಥದ್ದೇ.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಆಗಸ್ಟ್ 31, ಭಾನುವಾರ

ಬೆಳಿಗ್ಗೆ ಚಾ ಕುಡಿಯುವಾಗ ಜಗದೀಶ ಮಾಸ್ತರರ ನೆನಪಾಯಿತು. ಅಂಗಡಿಯಲ್ಲಿ ಸರಿ ಇದ್ದದ್ದು ಅವರ ಮನೆಯಲ್ಲಿ ಏಕೆ ಬಂದ್ ಬೀಳುತ್ತಿತ್ತು? ಹಣಕೋಣದಲ್ಲಿ ಅವರ ಮನೆಯ ಹತ್ತಿರ ಸಿಗ್ನಲ್ ಒಂದೇ ಗೆರೆ. ಟವರ್ ದೂರ ಇದ್ದಷ್ಟೂ ಫೋನು ಹೆಚ್ಚು ಕರೆಂಟು ಎಳೆಯುತ್ತದೆ. ಇದು ನನಗೆ ಹೊಸ ಪಾಠವಲ್ಲ.

ಸ್ಕೂಟಿ ಹತ್ತಿ ಹೋದೆ. ಮಾಸ್ತರರು ಇರಲಿಲ್ಲ. ಅವರ ಹಿತ್ತಲಿನ ಬೇಲಿಯ ಆಚೆ, ಗದ್ದೆಯ ಅಂಚಿನಲ್ಲಿ ನಿಂತು ಹೊನ್ನನ ಫೋನಿನಿಂದ ನನ್ನ ನಂಬರಿಗೆ ಮಾಡಿದೆ. ನನ್ನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಕಟ್ ಮಾಡಿದೆ. ಮತ್ತೆ ಮಾಡಿದೆ. ಹೊಡೆದುಕೊಂಡಿತು. ಮೂರನೆಯ ಸಲ ಒತ್ತಿದೆ. ಹೊನ್ನನ ಫೋನು ಕಪ್ಪಾಯಿತು.

ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆ. ಚಾರ್ಜು ನಾಲ್ಕು ಗೆರೆ ತೋರಿಸಿತು. ಒಂದು, ಎರಡು, ಕಪ್ಪು. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಒಮ್ಮೆ ಮಾತ್ರ ಎರಡನೆಯದಕ್ಕೇ ಆರಿತು, ಉಳಿದಂತೆ ಎಲ್ಲ ಸಲವೂ ಮೂರನೆಯದಕ್ಕೆ.

ಹೊನ್ನ ಮೂರು ಒತ್ತಿದ್ದು ನಿಜ. ಹೀರಾ ಎರಡು ಕೇಳಿದ್ದೂ ನಿಜ.

ಸೆಪ್ಟೆಂಬರ್ 1, ಸೋಮವಾರ

ಹೀರಾ ಬಂದಳು. ನೀರು ಹೋಗಿದೆ, ಫೋನು ತೆರೆಯುವುದಿಲ್ಲ ಎಂದು ಹೇಳಿದೆ. "ಹೌದೇ" ಎಂದಳು. ಫೋನು ಇಲ್ಲೇ ಇರಲಿ, ಇನ್ನೊಮ್ಮೆ ನೋಡುತ್ತೇನೆ ಎಂದೆ. ಅದಕ್ಕೂ "ಹೌದೇ" ಎಂದಳು.

ಅಂಥ ಬ್ಯಾಟರಿಯನ್ನು ಯಾರೂ ಮಾರುವುದಿಲ್ಲವೇ? ಎಂಜಿನ್ ಕೆಡಿಸಿದವಳು ನಾನೇ? ಹಗ್ಗ ಹರಿದವಳು ನಾನೇ? ಮೂರನೆಯ ಕಾಲ್ ಬಂದಿದ್ದರೂ ಅಷ್ಟು ದೊಡ್ಡ ಸಮುದ್ರದಲ್ಲಿ ಪಾತಿ ಸಿಗುತ್ತಿತ್ತೆಂದು ಯಾರು ಹೇಳಿದರು?

ಹನ್ನೊಂದರಿಂದ ನಾಲ್ಕಕ್ಕೆ ಐದು ತಾಸು. ಐದು ತಾಸಿನಲ್ಲಿ ಸಿಗುತ್ತಿತ್ತು.

ಸೆಪ್ಟೆಂಬರ್ 4, ಗುರುವಾರ

ಇವರಿಗೆ ಹೇಳಿದೆ. ನನ್ನ ಗಂಡ ಸಂದೇಶ, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬಿಡಿಭಾಗದ ಅಸಲಿ ನಕಲಿ ಅವರಿಗೂ ಗೊತ್ತು. ಚಾ ಲೋಟ ಕೆಳಗಿಟ್ಟು ಬಾಗಿಲು ಹಾಕಿ ಬಂದರು.

"ಹೇಳಿದ್ರೆ ಜಟ್ಟು ಎದ್ದು ಬರ್ತಾನೇ? ಅಂಗಡಿ ಮುಚ್ಚಿಸ್ತ್ರು. ಪೊಲೀಸು, ಕೋರ್ಟು. ಸುಮ್ಮನಿರು."

"ಮೀನಿನ ಆಸೆಗೆ ಕೇಳ್ಲಿಲ್ಲ ಅಂತ ಹೀರಾನ್ನ ಎಲ್ರೂ ಹೇಳ್ತಾ ಇದ್ದಾರಲ್ಲ."

"ನಾಲ್ಕು ದಿನ ಹೇಳ್ತ್ರು, ಮರೀತ್ರು. ಜನ ಅಂದ್ರೆ ಅಷ್ಟೇ."

ನನಗೂ ಅವರು ಹಾಗೆ ಹೇಳುವುದೇ ಬೇಕಿತ್ತು. ಅದಕ್ಕೇ ಅವರನ್ನು ಕೇಳಿದ್ದು. ಈಗ ಅವರ ಮೇಲೆಯೇ ಸಿಟ್ಟು ಬರುತ್ತಿದೆ.

ಸೆಪ್ಟೆಂಬರ್ 7, ಭಾನುವಾರ

ನಿನ್ನೆ ಹದಿಮೂರನೆಯ ದಿನ ಮುಗಿಯಿತು. ಇವತ್ತು ಹೊನ್ನ ಹೀರಾಳನ್ನು ಅಂಕೋಲೆಯ ಬೇಲೆಕೇರಿಗೆ, ಅವಳ ತವರಿಗೆ ಬಿಟ್ಟು ಬಂದನಂತೆ. ಕರೆಯಲು ಬರುತ್ತೇನೆಂದು ಹೇಳಿಲ್ಲ. ಬಟ್ಟೆಯ ಗಂಟಿನ ಜೊತೆ ಅವಳ ಮೀನಿನ ಬುಟ್ಟಿಯನ್ನೂ ಕಳಿಸಿದ್ದಾರೆ. ಬುಟ್ಟಿ ಕಳಿಸಿದ ಮೇಲೆ ಇನ್ನು ಬರುವುದು ಬೇಡವೆಂದೇ ಅರ್ಥ, ದಂಡೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಕಟ್ಟೆ ಖಾಲಿ ಇದೆ. ಅಂಗಡಿಯಲ್ಲಿ ಎಲ್ಲಿ ಕೂತರೂ ಅದೇ ಕಾಣುತ್ತದೆ.

ಸೆಪ್ಟೆಂಬರ್ 8, ಸೋಮವಾರ

ಗುಳಿಗೆ ನುಂಗಿದೆ. ಏನೂ ಬರೆಯುವುದಕ್ಕಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಎದ್ದವಳು ಇವರಿಗೂ ಹೇಳದೆ ಹೊನ್ನನ ಮನೆಗೆ ಹೋದೆ. ಗಂಗೂ ಆಯಿ ಜಗಲಿಯಲ್ಲಿ ಕೂತಿದ್ದಳು. ಹೊನ್ನ ಕಂಬಕ್ಕೆ ಒರಗಿದ್ದ. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವನ ಫೋನಿನಿಂದ ಬ್ಯಾಟರಿ ತೆಗೆದು ಅವನ ಎದುರೇ ಉಗುರಿನಿಂದ ಸ್ಟಿಕ್ಕರ್ ಕೆರೆದೆ. ಕೆಳಗೆ ಬರೀ ಬಿಳಿ.

"ಇದು ಕಂಪನೀದಲ್ಲ ಹೊನ್ನ. ಸ್ಟಿಕ್ಕರ್ ಹಚ್ಚಿದ್ದು ನಾನು. ಸಿಗ್ನಲ್ ಕಡಿಮೆ ಇರೂ ಕಡೆ ಮೂರನೇ ಕಾಲ್ ಹೋಗೂದಿಲ್ಲ, ಬಂದ್ ಬೀಳ್ತದೆ. ಹೀರಾ ಸರಿ ಕೇಳಿದ್ಲು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಬ್ಯಾಟರಿಯನ್ನು ಫೋನಿಗೆ ಹಾಕಿಕೊಂಡು ಎದ್ದು ನಿಂತ.

"ಕೂತ್ಕಳಿ ಪಾತಿಯಲ್ಲಿ."

"ಎಂತಕ್ಕೆ?"

"ನೋಡ್ಬೇಕು ನಂಗೆ. ಆಯೀ, ನಿನ್ನ ಫೋನು ಹಿಡ್ಕಂಡು ದಂಡೆಗೆ ಬಾ. ಎಷ್ಟು ಹೊಡೀತದೆ ಎಣ್ಸು."

ಪಾತಿಯನ್ನು ಗೋವಾದವರೇ ಎಳೆದು ತಂದುಕೊಟ್ಟಿದ್ದರು. ಎಂಜಿನ್ ಹೊಸದು. ಆ ದಿನದ ನಂತರ ಹೊನ್ನ ಸಮುದ್ರಕ್ಕೆ ಇಳಿದದ್ದು ಇವತ್ತೇ ಮೊದಲು. ನನಗೆ ಈಜು ಬರುವುದಿಲ್ಲ. ಇಷ್ಟು ವರ್ಷ ಸಮುದ್ರದ ಪಕ್ಕದಲ್ಲೇ ಇದ್ದರೂ ಪಾತಿಯಲ್ಲಿ ಕೂತವಳಲ್ಲ. ಎರಡೂ ಕೈಯಿಂದ ಅಂಚು ಹಿಡಿದೆ. ಜಟ್ಟು ಕೂರುತ್ತಿದ್ದ ಜಾಗದಲ್ಲೇ ನನ್ನನ್ನು ಕೂರಿಸಿದ್ದ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಗಡದ ಗುಡ್ಡ ಅಂಗೈಯಷ್ಟು ಆಯಿತು. ಸಿಗ್ನಲ್ ಒಂದೇ ಗೆರೆ ಉಳಿದಾಗ ಎಂಜಿನ್ ನಿಲ್ಲಿಸಿದ.

ಒತ್ತಿದ. ಕಿವಿಗಿಟ್ಟು ಕೇಳಿ ಕಟ್ ಮಾಡಿದ. ಮತ್ತೆ ಒತ್ತಿದ, ಕಟ್ ಮಾಡಿದ. ಮೂರನೆಯ ಸಲ ಒತ್ತಿ ಫೋನನ್ನು ಕಿವಿಗೆ ಒಯ್ಯಲಿಲ್ಲ. ಹಿಡಿದು ನೋಡುತ್ತಲೇ ಇದ್ದ. ಅದು ಕಪ್ಪಾಯಿತು.

"ಆ ದಿನ ನಾ ನೋಡ್ಲೇ ಇಲ್ಲ" ಎಂದ. "ಒತ್ತಿ ಕಟ್ಟಿ ಇಟ್ಟೆ. ತಾಸು ಬಿಟ್ಟು ನೋಡ್ದಾಗ ಬಂದಾಗಿತ್ತು, ನೀರು ಹೋಯ್ತು ಅಂದ್ಕಂಡೆ. ಮೂರು ಕೊಟ್ಟಾಗದೆ ಅಂತ ಮತ್ತೆ ಹಚ್ಚೂಕೂ ನೋಡ್ಲಿಲ್ಲ. ಜಟ್ಟುಗೆ ಕೂಗೂದು ಬ್ಯಾಡ ಅಂದೆ."

ನಾನು ಕೈ ಮುಗಿದೆ. ಅವನು ನೋಡಲಿಲ್ಲ, ಪಾತಿ ತಿರುಗಿಸಿದ.

ದಂಡೆ ಹತ್ತಿರ ಬಂದಾಗ ಗಂಗೂ ಆಯಿ ಮೊಣಕಾಲು ನೀರಿನಲ್ಲಿ ನಿಂತಿರುವುದು ಕಂಡಿತು. ಒಂದು ಕೈಯಲ್ಲಿ ಫೋನು ಇತ್ತು. ಇನ್ನೊಂದು ಕೈ ಎತ್ತಿ ಎರಡು ಬೆರಳು ತೋರಿಸುತ್ತಿದ್ದಳು. ನಾವು ಇಳಿಯುವವರೆಗೂ ಆ ಕೈ ಕೆಳಗಿಳಿಯಲಿಲ್ಲ. ಆಮೇಲೆ ಅಲ್ಲೇ ನೀರಿನಲ್ಲಿ ಕೂತು ಅತ್ತಳು, ಜಟ್ಟು ಸಿಕ್ಕಿದ ದಿನ ಅಳದಿದ್ದವಳು.

ಸೆಪ್ಟೆಂಬರ್ 10, ಬುಧವಾರ

ಬೇಲೆಕೇರಿಗೆ ಹೋಗಿದ್ದೆ. ಹೊನ್ನ ನಿನ್ನೆ ಸಂಜೆಯೇ ಬಂದು ಹೇಳಿ ಹೋಗಿದ್ದನಂತೆ. ನಾಳೆ ಕರೆದುಕೊಂಡು ಹೋಗುತ್ತಾನಂತೆ. ಹೀರಾ ಅಂಗಳದಲ್ಲಿ ಒಣಮೀನು ಹರವುತ್ತಿದ್ದಳು. ನನ್ನನ್ನು ಕಂಡು ಕುರ್ಚಿ ತಂದಿಟ್ಟಳು, ನೀರು ಕೊಟ್ಟಳು. ತಪ್ಪಾಯಿತು ಎಂದೆ.

"ಬ್ಯಾಟರೀದು ಬಿಡು ಅಕ್ಕಾ. ಹೊಟ್ಟೆಪಾಡು, ಎಲ್ರೂ ಎಂತದೋ ಒಂದು ಮಾಡ್ತ್ರು. ಹಿಂಗಾಗ್ತದೆ ಅಂತ ನಿಂಗೆ ಗೊತ್ತಿತ್ತೇ?" ಮೀನು ತಿರುವಿ ಹಾಕುತ್ತಲೇ ಹೇಳಿದಳು. "ಆದ್ರೆ ನೀರು ಹೋಗದೆ ಅಂದ್ಯಲ್ಲ, ಆ ದಿನ ನಿಂಗೆ ಗೊತ್ತಿತ್ತು. ಅಲ್ಲಿಂದ ಇಲ್ಲೀತನಕ ನಾ ನನ್ನ ಕಿವಿಯನ್ನೇ ನಂಬ್ಲಿಲ್ಲ. ಕಾಗೆ ಕೂಗಿದ್ರೂ ಎಷ್ಟು ಸಲ ಅಂತ ಎಣಿಸ್ತಾ ಕೂತ್ಕಂತಿದ್ದೆ. ಹುಚ್ಚು ಹಿಡೀತು ಅಂದ್ಕಂಡೆ. ನಿಂಗೆ ಗೊತ್ತಿತ್ತು."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಬಂದೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ.

ಸೆಪ್ಟೆಂಬರ್ 16, ಮಂಗಳವಾರ

ಉಳಿದ ಬ್ಯಾಟರಿಗಳನ್ನು ಏಜೆಂಟನಿಗೆ ವಾಪಸ್ ಕೊಟ್ಟೆ. ಅವನು ನಕ್ಕ. ಬೇರೆ ಲೋಕಲ್ ಮಾಲು ಇಟ್ಟಿದ್ದೇನೆ. ಇಡದಿದ್ದರೆ ಅಂಗಡಿ ನಡೆಯುವುದಿಲ್ಲ, ಹಳೇ ಮಾಡೆಲ್ಲುಗಳಿಗೆ ಬೇರೆ ಸಿಗುವುದೂ ಇಲ್ಲ. ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ‘ಕಂಪನಿಯದ್ದಲ್ಲ’ ಎಂದು ಬರೆದಿದ್ದೇನೆ. ಸ್ಕೂಟಿಯಲ್ಲಿ ಹಣಕೋಣಕ್ಕೆ ಒಯ್ದು ಒಂದೊಂದಕ್ಕೂ ಹತ್ತು ಕಾಲ್ ಮಾಡಿ ಬರುತ್ತೇನೆ. ಮಾಸ್ತರರು ಬೇಲಿಯ ಆಚೆಯಿಂದ ನೋಡಿ ಒಂದು ಲೋಟ ಮಜ್ಜಿಗೆ ಕಳಿಸಿದರು. ಅವರಿಗೂ ತಪ್ಪಾಯಿತು ಎಂದೆ. ಡಾಕ್ಟರ್ ಇವತ್ತು ಬಿ.ಪಿ. ನೋಡಿ, ಈಗ ಕೂಗಾಡುವುದಿಲ್ಲವೇ ಎಂದು ಕೇಳಿದರು. ನಾನು ಅದನ್ನು ಗಮನಿಸಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಹೀರಾ ಕಟ್ಟೆಗೆ ಮರಳಿ ಹತ್ತು ದಿನವಾಯಿತು. ನನ್ನ ಬಾಗಿಲಿಗೆ ಬರುವುದಿಲ್ಲ, ನಾನೂ ಕರೆಯುವುದಿಲ್ಲ. ಹೊನ್ನ ತನ್ನ ಭಾವನ ಫೋನು ಇಸಿದುಕೊಂಡು ಸಮುದ್ರಕ್ಕೆ ಹೋಗುತ್ತಿದ್ದಾನೆ.

ಇವತ್ತು ಹುಬ್ಬಳ್ಳಿಯಿಂದ ನಿಜವಾದ ಕಂಪನಿ ಬ್ಯಾಟರಿ ಬಂತು. ಬೇಲೆಕೇರಿಯಿಂದ ಬಂದ ದಿನವೇ ಹೇಳಿಟ್ಟಿದ್ದೆ. ಯಾವುದೋ ಹಳೇ ಅಂಗಡಿಯ ಮೂಲೆಯಲ್ಲಿ ಒಂದೇ ಒಂದು ಉಳಿದಿತ್ತಂತೆ. ಹಣಕೋಣಕ್ಕೆ ಹೋಗಿ ಇಪ್ಪತ್ತು ಕಾಲ್ ಮಾಡಿ ನೋಡಿದೆ. ಹೊನ್ನನ ಫೋನಿಗೆ ಹಾಕಿ ಕಟ್ಟೆಗೆ ಒಯ್ದು ಅವಳ ಮುಂದೆ ಹಿಡಿದೆ. ಹಣ ಬೇಡ ಎಂದೆ.

ಅವಳು ಕೈ ಚಾಚಲಿಲ್ಲ. ಮೀನಿನ ಮೇಲಿನ ನೊಣ ಅಟ್ಟುತ್ತಾ, "ಮೂರು ಸಲ ಮಾಡಿ ತೋರ್ಸು" ಎಂದಳು.

ಅವಳ ನಂಬರಿಗೆ ಮಾಡಿದೆ. ಬುಟ್ಟಿಯ ಬದಿಯಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಟ್ ಮಾಡಿದೆ. ಎರಡನೆಯ ಸಲ ಹೊಡೆದುಕೊಂಡಿತು. ಕಟ್ ಮಾಡಿದೆ. ಅವಳ ಕೈ ನಿಂತಿತು. ಮೀನು ಕೊಳ್ಳಲು ಬಂದವಳೊಬ್ಬಳು ರೇಟು ಕೇಳುತ್ತಿದ್ದಳು. ಮೂರನೆಯ ಸಲ ಒತ್ತಿದೆ.

ಹೊಡೆದುಕೊಂಡಿತು.

ಹೀರಾ ಆ ಫೋನನ್ನೇ ನೋಡುತ್ತಾ ಕೂತಳು.

"ಬಂದಿದ್ರೆ ಹಿಂಗೆ ಕೇಳ್ತಿತ್ತು, ಅಲ್ವೇ" ಎಂದಳು.

ನನಗೆ ಕಟ್ ಮಾಡಲು ನೆನಪಾಗಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಹೊಡೆದುಕೊಳ್ಳುತ್ತಲೇ ಇತ್ತು. ಆಮೇಲೆ ಅವಳು ನನ್ನ ಕೈಯಿಂದ ಹೊನ್ನನ ಫೋನು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು, ಬಂದವಳಿಗೆ ಬಾಂಗಡೆಯ ರೇಟು ಹೇಳಿದಳು.